ಜಿಪಿಯುವಿನಲ್ಲಿ ಬರೆದ ಬ್ಲರ್ ಫಿಲ್ಟರ್ ಸಿಪಿಯುಗಿಂತ ನಿಧಾನವೇಕೆ?

ಪ್ರಶ್ನೆ: ಮೇಡಂ, ನಮ್ಮೂರಿನ ಯಕ್ಷಗಾನ ಬಯಲಾಟಗಳನ್ನು ಹಲವರು ಮೊಬೈಲ್ ನೆಟ್ಟಗೆ ಹಿಡಿದು ಚಿತ್ರಿಸಿ ನನಗೆ ಕಳುಹಿಸುತ್ತಾರೆ. ಅವನ್ನು 1920×1080ರ ಅಡ್ಡ ಚೌಕಟ್ಟಿಗೆ ಹೊಂದಿಸುವಾಗ ಎರಡೂ ಬದಿಯ ಖಾಲಿ ಜಾಗಕ್ಕೆ ಅದೇ ದೃಶ್ಯವನ್ನು ಮಸುಕುಗೊಳಿಸಿ ತುಂಬುತ್ತೇನೆ. ರಾತ್ರಿಯಿಡೀ ನಡೆಯುವ ಆಟಗಳಾದ್ದರಿಂದ ವೇಗ ಬೇಕು. ಅದಕ್ಕಾಗಿ ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ, ಜಿಪಿಯುವಿನಲ್ಲಿ (ಗ್ರಾಫಿಕ್ಸ್ ಚಿಪ್) ಲೆಕ್ಕ ಮಾಡಿಸುವ ಓಪನ್‌ಸಿಎಲ್‌ನಲ್ಲಿ ಗಾಸಿಯನ್ ಬ್ಲರ್ (ಹತ್ತಿರದ ಪಿಕ್ಸೆಲ್‌ಗೆ ಹೆಚ್ಚು, ದೂರದ್ದಕ್ಕೆ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯುವ ಮಸುಕು) ಬರೆದೆ. ಮಸುಕು ಎಷ್ಟು ಹರಡಬೇಕೆಂಬ ಅಳತೆಯಾದ ಸಿಗ್ಮಾ 20, ಸುತ್ತಲಿನ ಚೌಕದ ಎಲ್ಲ ಪಿಕ್ಸೆಲ್‌ಗಳನ್ನೂ ಓದಿ ಕೂಡಿಸುತ್ತೇನೆ. ಆದರೂ ಅದರಲ್ಲಿ ಮೊದಲೇ ಇರುವ ಸಿಪಿಯು (ಮುಖ್ಯ ಪ್ರೊಸೆಸರ್) ಫಿಲ್ಟರ್ ‘ಜಿಬ್ಲರ್’ ಇದಕ್ಕಿಂತ ಬೇಗ ಮುಗಿಸುತ್ತದೆ. ಬಣ್ಣವೂ ಕೆಟ್ಟಿದೆ: ವೇಷದ ಕೆಂಪು ನೇರಳೆಯಾಗುತ್ತದೆ, ಕಿರೀಟದ ಹೊಂಬಣ್ಣ ಹಸಿರಾಗುತ್ತದೆ.

ಉತ್ತರ: ಬಣ್ಣದ ಲಕ್ಷಣವನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದು ಒಳ್ಳೆಯದಾಯಿತು, ಅದರಲ್ಲೇ ಕಾರಣವಿದೆ. ನಿಮ್ಮ ಫ್ರೇಮ್ ಎನ್‌ವಿ12 ರೂಪದಲ್ಲಿ ಇರಬೇಕು. ಅದರ ಮೊದಲ ಪದರದಲ್ಲಿ ಬೆಳಕು ಮಾತ್ರ, ಎರಡನೆಯ ಪದರದಲ್ಲಿ ಯು, ವಿ ಎಂಬ ಎರಡು ಬಣ್ಣದ ಬೆಲೆಗಳು ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ಅಡ್ಡಲಾಗಿ ಸರಾಸರಿ ತೆಗೆದಾಗ ಎರಡೂ ಬೆರೆತು ಒಂದೇ ಬೆಲೆಯಾಗುತ್ತವೆ. ಆ ಬೆಲೆ ಬಣ್ಣವಿಲ್ಲದ ನಡುಬಿಂದುವಾದ 128ಕ್ಕಿಂತ ಹೆಚ್ಚಾದರೆ ನೇರಳೆ, ಕಡಿಮೆಯಾದರೆ ಹಸಿರು. ನೀವು ಬಹುಶಃ ಫ್ರೇಮನ್ನು ಸಾದಾ ಬಫರ್‌ಗೆ (ಬೈಟ್‌ಗಳ ನೇರ ಸಾಲಿಗೆ) ನಕಲಿಸಿ ಬೈಟ್ ಬೈಟಾಗಿ ಓದುತ್ತಿದ್ದೀರಿ. ಓಪನ್‌ಸಿಎಲ್‌ನ ಇಮೇಜ್ ರೂಪದಲ್ಲೇ ಓದಿದರೆ ಯು ಮತ್ತು ವಿ ಎರಡು ಚಾನೆಲ್‌ಗಳಾಗಿ ಬೇರೆ ಬೇರೆ ಸಿಗುತ್ತವೆ. ಆ ಪದರದ ಅಗಲ, ಎತ್ತರ ಅರ್ಧವಾದ್ದರಿಂದ ಅಲ್ಲಿ ಸಿಗ್ಮಾವನ್ನೂ 10ಕ್ಕೆ ಇಳಿಸಿ.

ಇನ್ನು ವೇಗ. ಸಿಗ್ಮಾದ ಮೂರು ಪಟ್ಟು ತ್ರಿಜ್ಯವೆಂದರೆ 60, ಚೌಕದ ಬದಿ 121. ಒಂದು ಪಿಕ್ಸೆಲ್‌ಗೆ 14,641 ಓದು. ಒಂದೇ ಫ್ರೇಮಿನ ಬೆಳಕಿನ ಪದರಕ್ಕೆ ಸುಮಾರು 3,036 ಕೋಟಿ! ಯಾವ ಜಿಪಿಯು ಕೊಟ್ಟರೂ ಇದು ಹೊರೆಯೇ. ಗಾಸಿಯನ್‌ನ ಗುಣವೆಂದರೆ ಅದನ್ನು ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ ಎಂದು ಒಡೆಯಬಹುದು. ಆಗ 242 ಓದು ಸಾಕು. ಜಿಬ್ಲರ್ ಇನ್ನೂ ಮುಂದೆ ಹೋಗುತ್ತದೆ: ಹಿಂದಿನ ಪಿಕ್ಸೆಲ್‌ನ ಫಲಿತಾಂಶವನ್ನೇ ಮುಂದಿನದಕ್ಕೆ ಒಯ್ಯುವ ವಿಧಾನ ಅದರದು, ಸಿಗ್ಮಾ ಎಷ್ಟಾದರೂ ಕೆಲಸ ಹೆಚ್ಚುವುದಿಲ್ಲ. ನಿಮ್ಮನ್ನು ಸೋಲಿಸಿದ್ದು ಸಿಪಿಯು ಅಲ್ಲ, ಆ ಲೆಕ್ಕ.

ಆದರೆ ನಿಮ್ಮ ಕೆಲಸಕ್ಕೆ ನಾನಾದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಬದಿಯ ಮಸುಕಿನಲ್ಲಿ ಸೂಕ್ಷ್ಮ ವಿವರ ಯಾರಿಗೂ ಬೇಡ. ಚಿತ್ರವನ್ನು ಮೊದಲು 480×270ಕ್ಕೆ ಕುಗ್ಗಿಸಿ, ಸಿಗ್ಮಾ 5ರಲ್ಲಿ ಮಸುಕುಗೊಳಿಸಿ, ಮತ್ತೆ ಹಿಗ್ಗಿಸಿ. ಬ್ಲರ್‌ನ ಓದುಗಳು 80 ಲಕ್ಷಕ್ಕೆ ಇಳಿಯುತ್ತವೆ. ಕುಗ್ಗಿಸುವಾಗ ಮಾತ್ರ ನಾಲ್ಕಕ್ಕೊಂದು ಪಿಕ್ಸೆಲ್ ಆರಿಸಿಕೊಳ್ಳದೆ ಹದಿನಾರರ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ವೇಷದ ಮಿಂಚುಗಳು ಬದಿಯಲ್ಲಿ ಮಿನುಗುತ್ತಲೇ ಇರುತ್ತವೆ.

ಪ್ರಶ್ನೆ: ಬಣ್ಣ ಸರಿಯಾಯಿತು, ವೇಗವೂ ಬಂತು, ತುಂಬಾ ಧನ್ಯವಾದ ಮೇಡಂ. ಆದರೆ ರಂಗಸ್ಥಳದ ಹಿಂದಿನ ಕತ್ತಲಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಇನ್ನೊಂದು: ನನ್ನ ಪ್ರೋಗ್ರಾಂನಲ್ಲಿ ಅಳೆದರೆ ಕರ್ನೆಲ್‌ಗೆ (ಜಿಪಿಯು ಮೇಲೆ ಓಡುವ ಭಾಗಕ್ಕೆ) ಸಮಯವೇ ಹಿಡಿಯುತ್ತಿಲ್ಲ ಎಂದು ತೋರಿಸುತ್ತದೆ.

ಉತ್ತರ: ಎರಡನೆಯದು ಸುಲಭ. ಕರ್ನೆಲ್ ಕರೆದಾಗ ಕೆಲಸ ಸರದಿಗೆ (ಕ್ಯೂ) ಸೇರುತ್ತದೆ ಅಷ್ಟೇ, ಕರೆ ತಕ್ಷಣ ಹಿಂದಿರುಗುತ್ತದೆ. ಕ್ಯೂ ರಚಿಸುವಾಗಲೇ ಪ್ರೊಫೈಲಿಂಗ್ (ಸಮಯ ದಾಖಲಿಸುವ ಸೌಲಭ್ಯ) ಆನ್ ಮಾಡಿ, ಆ ಕೆಲಸದ ಈವೆಂಟ್‌ನ ಆರಂಭ ಮತ್ತು ಅಂತ್ಯದ ಸಮಯ ನೋಡಿ.

ಪಟ್ಟೆಗಳಿಗೆ ಕಾರಣ ಅಡ್ಡ ಮತ್ತು ಉದ್ದದ ಎರಡು ಹಂತಗಳ ನಡುವೆ 8 ಬಿಟ್‌ಗೆ ಕತ್ತರಿಸುವುದು. ಮಧ್ಯದ ಫಲಿತಾಂಶವನ್ನು 16 ಬಿಟ್ ಫ್ಲೋಟ್‌ನಲ್ಲಿ ಇಡಿ. ಅಷ್ಟಾದರೂ ಕತ್ತಲಿನ ನಯವಾದ ಇಳಿಜಾರಿಗೆ 8 ಬಿಟ್‌ನ ಮೆಟ್ಟಿಲುಗಳು ಸಾಲವು. ಕೊನೆಯಲ್ಲಿ 8 ಬಿಟ್‌ಗೆ ಇಳಿಸುವ ಮುನ್ನ ಒಂದು ಮೆಟ್ಟಿಲಿಗಿಂತ ಚಿಕ್ಕದಾದ ಯಾದೃಚ್ಛಿಕ ಬೆಲೆಯನ್ನು ಪ್ರತಿ ಪಿಕ್ಸೆಲ್‌ಗೂ ಸೇರಿಸಿ. ಆಗ ಪಟ್ಟೆಯ ಅಂಚುಗಳು ಚದುರುತ್ತವೆ.

ಕೋಡನ್ನು ಎಫ್‌ಎಫ್‌ಎಂಪೆಗ್ ಯೋಜನೆಗೆ ಕಳುಹಿಸುವ ಆಸೆಯಿದ್ದರೆ ಅಲ್ಲಿ ಈಗಾಗಲೇ ಇರುವ ಓಪನ್‌ಸಿಎಲ್‌ನ ಬಾಕ್ಸ್ ಬ್ಲರ್ (ಎಲ್ಲ ಪಿಕ್ಸೆಲ್‌ಗೂ ಸಮ ತೂಕದ ಸರಾಸರಿ) ಮತ್ತು ಜಿಪಿಯುಗೇ ಬರೆಯುವ ಇನ್ನೊಂದು ವ್ಯವಸ್ಥೆಯಾದ ವಲ್ಕನ್‌ನ ಗಾಸಿಯನ್ ಬ್ಲರ್ ಎರಡನ್ನೂ ಮೊದಲು ಓದಿ.