ಎಲೆಕೋಸು, ಹೂಕೋಸು: ಪೌಷ್ಟಿಕಾಂಶದಲ್ಲಿ ಯಾವುದು ಮೇಲು?

ಪ್ರಶ್ನೆ:
ಚಳಿಗಾಲದಲ್ಲಿ ಎರಡೂ ಚೆನ್ನಾಗಿ ಬರುತ್ತವೆ. ಹಸಿಯದ್ದು 100 ಗ್ರಾಂ ತೆಗೆದುಕೊಂಡರೆ ಎರಡರಲ್ಲೂ ಸುಮಾರು 25 ಕ್ಯಾಲೊರಿ. ಹಾಗಾದರೆ ವ್ಯತ್ಯಾಸ ಇರುವುದೆಲ್ಲಿ? ಬೆಂದ ಮೇಲೂ ಅದು ಉಳಿಯುತ್ತದೆಯೇ?

ಉತ್ತರ 1:
ಹೂಕೋಸಿನಲ್ಲಿ ವಿಟಮಿನ್ ಸಿ 48 ಮಿ.ಗ್ರಾಂ, ಎಲೆಕೋಸಿನಲ್ಲಿ 37. ಪ್ರೋಟೀನ್ ಹೂಕೋಸಿನಲ್ಲಿ ಚೂರು ಜಾಸ್ತಿ, ನಾರು ಎಲೆಕೋಸಿನಲ್ಲಿ ಚೂರು ಜಾಸ್ತಿ. ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎದ್ದು ಕಾಣುವ ಅಂತರ ಎರಡೇ: ವಿಟಮಿನ್ ಕೆ ಎಲೆಕೋಸಿನಲ್ಲಿ 76 ಮೈಕ್ರೋಗ್ರಾಂ, ಹೂಕೋಸಿನಲ್ಲಿ 15ರ ಆಸುಪಾಸು, ಪೊಟ್ಯಾಸಿಯಂ ಹೂಕೋಸಿನಲ್ಲಿ 300 ಮಿ.ಗ್ರಾಂ, ಎಲೆಕೋಸಿನಲ್ಲಿ 170.

ಉತ್ತರ 2:
ಆ ಎರಡು ಅಂಕಿಗಳು ಕೆಲವರಿಗೆ ಬಹಳ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಎಲೆಕೋಸು ಬಿಡಬೇಕಿಲ್ಲ, ಆದರೆ ಪ್ರಮಾಣ ಏರುಪೇರಾಗಬಾರದು. ಇದ್ದಕ್ಕಿದ್ದಂತೆ ಹೆಚ್ಚಿಸಿದರೆ ಅದರಲ್ಲಿರುವ ವಿಟಮಿನ್ ಕೆಯಿಂದ ಮಾತ್ರೆಯ ಪರಿಣಾಮ ತಗ್ಗುತ್ತದೆ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಇರುವವರು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ನೀರು ಬಸಿದು ತಿನ್ನಬೇಕು.

ಉತ್ತರ 3:
ಉಳಿದವರು ಮಾತ್ರ ಹಾಗೆ ಬಸಿಯಬಾರದು! ವಿಟಮಿನ್ ಸಿ, ಫೋಲೇಟ್ (ಒಂದು ಬಿ ವಿಟಮಿನ್) ಎರಡೂ ನೀರಿಗಿಳಿಯುತ್ತವೆ. ವಿಟಮಿನ್ ಸಿಯಲ್ಲಿದ್ದ 11 ಮಿ.ಗ್ರಾಂ ವ್ಯತ್ಯಾಸ ಅಲ್ಲಿಗೇ ಮುಗಿಯಬಹುದು. ತುಂಬ ಹೊತ್ತು ಕುದಿಸಿ ಬಸಿದ ಹೂಕೋಸಿಗಿಂತ ಹಸಿ ಎಲೆಕೋಸೇ ಮೇಲಾಗಬಹುದು. ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ಕಚ್ಚಿದರೆ ಸ್ವಲ್ಪ ಗಟ್ಟಿ ಇರಲಿ. ಜಾಸ್ತಿ ಬೆಂದರೆ ಗಂಧಕದ ಸಂಯುಕ್ತಗಳು ಒಡೆದು ಆ ಕೆಟ್ಟ ವಾಸನೆ ಬರುತ್ತದೆ. ಬೇಗ ಬೇಯಲೆಂದು ಸೋಡಾ ಹಾಕಲೇಬೇಡಿ: ಕ್ಷಾರದಲ್ಲಿ ವಿಟಮಿನ್ ಸಿ ನಾಶವಾಗುತ್ತದೆ, ಹೂಕೋಸು ಹಳದಿಯಾಗುತ್ತದೆ.

ಇನ್ನೊಂದು, ಇವುಗಳ ಖಾರದ ಘಾಟಿಗೆ ಕಾರಣವಾದ ಉಪಯುಕ್ತ ಸಂಯುಕ್ತಗಳು ಹುಟ್ಟುವುದು ತರಕಾರಿಯನ್ನು ಹೆಚ್ಚಿದಾಗ. ಮೈರೋಸಿನೇಸ್ ಎಂಬ ಕಿಣ್ವ ಆ ಕೆಲಸ ಮಾಡುತ್ತದೆ. ಬಿಸಿಗೆ ಅದು ಸಾಯುವುದರಿಂದ ಹೆಚ್ಚಿ ಅರ್ಧ ಗಂಟೆ ಬಿಟ್ಟು ಒಲೆಗೆ ಇಡಿ. ಪುರುಸೊತ್ತಿಲ್ಲವೇ? ಇಳಿಸಿದ ಮೇಲೆ ಒಂದು ಚಿಟಿಕೆ ಹಸಿ ಸಾಸಿವೆ ಪುಡಿ ಬೆರೆಸಿ. ಹುರಿದ ಸಾಸಿವೆ ಆಗದು, ಅದರ ಕಿಣ್ವವೂ ಸತ್ತಿರುತ್ತದೆ.

ಪ್ರಶ್ನೆ ಕೇಳಿದವರು:
ಹುಳು ಹೋಗಲು ಹೂಕೋಸನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಸತ್ವ ಹೋಗುವುದಿಲ್ಲವೇ?

ಉತ್ತರ 3:
ದೊಡ್ಡ ತುಂಡುಗಳಾಗಿ ಬಿಡಿಸಿ ಹತ್ತು ನಿಮಿಷ ಮುಳುಗಿಸಿದರೆ ಏನೂ ಆಗದು. ಸಣ್ಣಗೆ ಹೆಚ್ಚಿದ ಮೇಲೆ ನೆನೆಸಿದರೆ ನಷ್ಟ. ದಂಟು ಎಸೆಯಬೇಡಿ, ಸಿಪ್ಪೆ ಹೆರೆದು ಹೂವಿಗಿಂತ ಎರಡು ನಿಮಿಷ ಮೊದಲು ಹಬೆಗೆ ಹಾಕಿ.