‘ಮೊಟ್ಟೆ ಒಡೆಯಬೇಕು’: ಒಡೆಯುವವರು ಯಾರು?

ಪ್ರಶ್ನೆ: ಮನೆಯಲ್ಲಿ ಇನ್‌ಕ್ಯುಬೇಟರ್ ಇಟ್ಟು ಕೋಳಿಮರಿ ಮಾಡಿಸುವವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಎರಡು ತೊಡಕು. ‘21ನೇ ದಿನ ಮೊಟ್ಟೆ ಒಡೆಯಬೇಕು’ ಎಂದು ಬರೆದಿದ್ದನ್ನು ಓದಿದವರೊಬ್ಬರು ‘ಯಾವುದರಿಂದ ಒಡೆಯಬೇಕು?’ ಎಂದು ಕೇಳಿದರು. ಇನ್ನೊಂದು, ಇನ್‌ಕ್ಯುಬೇಷನ್ (ಮೊಟ್ಟೆಯನ್ನು ಬೆಚ್ಚಗಿಟ್ಟು ಮರಿ ಮಾಡಿಸುವುದು) ಮತ್ತು ಬ್ರೂಡಿಂಗ್ (ಹೊರಬಂದ ಮರಿಯನ್ನು ಬೆಚ್ಚಗಿಡುವುದು) ಎರಡಕ್ಕೂ ‘ಕಾವು ಕೊಡುವುದು’ ಎಂದೇ ಇದೆ. ಹೊಸ ಸಂಸ್ಕೃತ ಪದ ಕಟ್ಟಿದರೆ ಯಾರೂ ಓದುವುದಿಲ್ಲ. ಬಳಕೆಯ ಮಾತಿನಲ್ಲೇ ಇವನ್ನು ಬೇರ್ಪಡಿಸಬಹುದೇ?

ಉತ್ತರ: ಆ ಓದುಗರು ಕೇಳಿದ್ದು ಸರಿಯಾಗಿಯೇ ಇದೆ. ‘ಒಡೆ’ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ಮಡಕೆ ಒಡೆಯಿತು’, ‘ಮಡಕೆ ಒಡೆದ’ ಎಂಬಲ್ಲಿ ಪ್ರತ್ಯಯ ನೋಡಿ ಒಡೆದವರು ಯಾರೆಂದು ತಿಳಿಯಬಹುದು. ‘ಬೇಕು’ ಸೇರಿದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ಇಲ್ಲಿ ಅದು ಬರೀ ವ್ಯಾಕರಣದ ಮಾತಲ್ಲ, ಮರಿಯ ಜೀವದ ಮಾತು. ಮರಿ ಮೊದಲು ಒಳಪೊರೆ ಹರಿದು ಗಾಳಿಗೂಡಿಗೆ (ಮೊಟ್ಟೆಯೊಳಗೆ ಗಾಳಿ ತುಂಬಿದ ಜಾಗಕ್ಕೆ) ಕೊಕ್ಕು ತೂರಿಸಿ ಉಸಿರಾಡುತ್ತದೆ. ಆಮೇಲೆ ಚಿಪ್ಪನ್ನು ಕುಕ್ಕಿ ಸಣ್ಣ ಬಿರುಕು ಮಾಡಿ 12ರಿಂದ 24 ಗಂಟೆ ಸುಮ್ಮನಿದ್ದುಬಿಡುತ್ತದೆ. ಆ ಹೊತ್ತಿನಲ್ಲಿ ಪೊರೆಯ ನಾಳಗಳಲ್ಲಿದ್ದ ರಕ್ತ ಒಳಗೆ ಸೇರುತ್ತದೆ, ಉಳಿದ ಭಂಡಾರವನ್ನು (ಮೊಟ್ಟೆಯ ಹಳದಿಯನ್ನು) ಹೊಟ್ಟೆ ಎಳೆದುಕೊಳ್ಳುತ್ತದೆ. ‘ಒಡೆಯಬೇಕು’ ಎಂದು ಓದಿ ಆಗ ಚಿಪ್ಪು ಸುಲಿದರೆ ರಕ್ತ ಸೋರುತ್ತದೆ, ಹೊಕ್ಕುಳು ಮುಚ್ಚಿರುವುದಿಲ್ಲ. ಆದ್ದರಿಂದ ಕರ್ತೃ ಮರಿಯೇ ಆಗಲಿ: ‘ಮರಿ ತಾನೇ ಚಿಪ್ಪೊಡೆದು ಹೊರಬರುತ್ತದೆ’. ‘ಬಿರುಕು ಬಿಟ್ಟಿತು’, ‘ಮರಿ ಹೊರಬಂತು’ ಎರಡನ್ನೂ ಬೇರೆ ಬೇರೆ ಹಂತಗಳಾಗಿಯೇ ಬರೆಯಿರಿ.

‘ಕಾವು’ ಹಳೆಯ, ಗಟ್ಟಿ ಪದ. ಕೋಳಿ ಕಾವು ಕೂರುತ್ತದೆ, ನಾವು ಮೊಟ್ಟೆಯನ್ನು ಕಾವಿಗೆ ಇಡುತ್ತೇವೆ. ಅದನ್ನು ಮೊಟ್ಟೆಗೇ ಮೀಸಲಿಡಿ. ಮರಿಗೆ ‘ಶಾಖ’ ಸಾಕು, ಸಾಕುವವರ ಬಾಯಲ್ಲಿ ಅದು ಆಗಲೇ ಇದೆ. ಹೀಗೆ ಬೇರ್ಪಡಿಸಲು ಕಾರಣವೂ ಇದೆ. ಕಾವು ಏರಿಳಿಯಬಾರದು: ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಮೊದಲಿಂದ ಕೊನೆಯವರೆಗೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಹೆಚ್ಚಾದರೆ ಮರಿ ಬೇಗ ಬಂದು ಹೊಕ್ಕುಳು ಹಸಿಯಾಗಿರುತ್ತದೆ, ಕಡಿಮೆಯಾದರೆ ತಡವಾಗಿ ಹೊಟ್ಟೆ ಉಬ್ಬಿಸಿಕೊಂಡು ಬರುತ್ತದೆ. ಶಾಖ ಹಾಗಲ್ಲ, ಇಳಿಯುತ್ತಾ ಹೋಗಬೇಕು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಕಡಿಮೆ. ಮೊಟ್ಟೆಗೆ ಓಡಿಹೋಗಲು ಕಾಲಿಲ್ಲ, ಮರಿಗೆ ಇದೆ. ಹಾಗಾಗಿ ದೀಪವನ್ನು ಮರಿಗಳ ಪೆಟ್ಟಿಗೆಯ ಒಂದು ಮೂಲೆಗೆ ಕಟ್ಟಿ ಇನ್ನೊಂದು ಮೂಲೆ ತಣ್ಣಗಿರಲು ಬಿಡಬೇಕು. ದೀಪದಡಿ ಒತ್ತಿಕೊಂಡು ಚೀಂಗುಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಒಂದೇ ಪಕ್ಕಕ್ಕೆ ಕೂಡಿಕೊಂಡರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಥರ್ಮಾಮೀಟರಿಗಿಂತ ಇದನ್ನೇ ನಂಬುವುದು ಮೇಲು.

ಕರಡಿನಲ್ಲಿ ‘ಕೆಟ್ಟ ಮೊಟ್ಟೆ’ ಎಂದೇನಾದರೂ ಇದ್ದರೆ ಅದನ್ನೂ ಒಡೆದು ಬರೆಯಿರಿ (ಈ ಒಡೆಯುವುದರಲ್ಲಿ ಅಪಾಯವಿಲ್ಲ). 7ನೇ ದಿನ ಕತ್ತಲಲ್ಲಿ ದೀಪ ಹಿಡಿದು ನೋಡಿದಾಗ ಏನೂ ಕಟ್ಟದೆ ತಿಳಿಯಾಗಿದ್ದರೆ ಬಹುಮಟ್ಟಿಗೆ ಗೊಡ್ಡು ಮೊಟ್ಟೆ. ರಕ್ತದ ಉಂಗುರ ಕಂಡರೆ ಒಳಗೆ ಕಟ್ಟಿದ್ದು ಸತ್ತಿದೆ. ಮೊದಲನೆಯದಕ್ಕೆ ಹುಂಜವನ್ನೋ ಮೊಟ್ಟೆಯ ಹಳತನವನ್ನೋ ವಿಚಾರಿಸಬೇಕು, ಎರಡನೆಯದಕ್ಕೆ ಹೆಚ್ಚಾಗಿ ಕಾವನ್ನು.

ಪ್ರಶ್ನೆ: ಉಪಕಾರವಾಯಿತು. ಕೊನೆಯ ಮೂರು ದಿನಕ್ಕೆ ಇಂಗ್ಲಿಷಿನಲ್ಲಿ ‘ಲಾಕ್‌ಡೌನ್’ ಎನ್ನುತ್ತಾರಲ್ಲ, ಅದನ್ನು ಹಾಗೇ ಇಡಬಹುದೇ?

ಉತ್ತರ: ಇಡಬಹುದು, ಆದರೆ ಆ ಪದ ಈಗ ಬೇರೆಯದನ್ನೇ ನೆನಪಿಸುತ್ತದೆ. ಹೆಸರಿಡುವ ಬದಲು ಮಾಡಬೇಕಾದ್ದನ್ನೇ ಹೇಳಿ: ‘18ನೇ ದಿನದಿಂದ ಮೊಟ್ಟೆ ಹೊರಳಿಸಬೇಡಿ, ತೇವಾಂಶವನ್ನು 50ರ ಆಸುಪಾಸಿನಿಂದ ಶೇಕಡಾ 65–70ಕ್ಕೆ ಏರಿಸಿ, ಮುಚ್ಚಳ ತೆಗೆಯಬೇಡಿ.’ ತೆಗೆದರೆ ತೇವ ಇಳಿದು, ಬಿರುಕು ಬಿಟ್ಟ ಮೊಟ್ಟೆಯ ಪೊರೆ ಒಣಗಿ ಮರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲ ಮರಿ ಹೊರಬಂದದ್ದು ಕಂಡರೂ ಅವಸರ ಬೇಡ. ಹೊಟ್ಟೆಯೊಳಗಿನ ಭಂಡಾರದಿಂದ ಅದು ಒಂದು ದಿನ ಆರಾಮವಾಗಿರುತ್ತದೆ, ಅಷ್ಟರಲ್ಲಿ ಮೈಯೂ ಒಣಗುತ್ತದೆ.

ಮರಿಯನ್ನು ಪೆಟ್ಟಿಗೆಗೆ ಬಿಡುವ ಭಾಗದಲ್ಲಿ ‘ಕಾಗದ ಹಾಸಿ’ ಎಂದಷ್ಟೇ ಇದ್ದರೆ ‘ಜಾರದ’ ಎಂದು ಸೇರಿಸಿ. ನುಣುಪು ಕಾಗದದ ಮೇಲೆ ಎಳೆಗಾಲು ಎರಡು ಕಡೆಗೂ ಜಾರಿ ಸೊಟ್ಟಗಾಗುತ್ತದೆ. ‘ನೀರಿಡಿ’ ಎಂಬಲ್ಲಿ ‘ಆಳವಿಲ್ಲದ ತಟ್ಟೆಯಲ್ಲಿ, ಬೆಣಚುಕಲ್ಲು ಹಾಕಿ’ ಎಂದಿರಲಿ, ಇಲ್ಲದಿದ್ದರೆ ಮುಳುಗುತ್ತವೆ. ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ‘ಕಿತ್ತುಹಾಕಿ’ ಅಲ್ಲ, ‘ಬೆಚ್ಚಗಿನ ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ’. ಕಿತ್ತರೆ ಚರ್ಮವೂ ಬರುತ್ತದೆ.