ರಬ್ಬರ್ ಬ್ಯಾಂಡನ್ನು ಹೆದೆ ಅನ್ನಬಹುದೇ? ಅಡ್ಡಬಿಲ್ಲಿನ ಭಾಗಗಳ ಹೆಸರು

ಗೆಳೆಯರೇ,

ಲೆಗೊ ಥರದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ನಿಜವಾಗಿ ಬಾಣ ಹಾರಿಸುವ ಪುಟ್ಟ ಅಡ್ಡಬಿಲ್ಲು (ಕ್ರಾಸ್‌ಬೋ) ಕಟ್ಟುವುದು ಹೇಗೆ ಅಂತ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಟ್ಟಿಗೆಗಳ ಮಟ್ಟಿಗೆ ಪದಗಳು ಸಲೀಸಾಗಿ ಸಿಕ್ಕವು. ತಲೆಯ ಮೇಲಿನ ಉಬ್ಬುಗಳಿಗೆ ಗುಬುಟು, ತೆಳು ತುಂಡಿಗೆ ಹಲಗೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಹಲಗೆಯದು 3.2. ಹಾಗಾಗಿ ಮೂರು ಹಲಗೆ ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ. ಗುಬುಟಿಲ್ಲದ್ದಕ್ಕೆ ನುಣುಪು ಹಲಗೆ ಅಂದೆ. ಬಾಣ ಜಾರುವ ಜಾಡಿಗೆ ಅದೇ ಬೇಕು, ಇಲ್ಲದಿದ್ದರೆ ಗುಬುಟಿಗೆ ತಾಗಿ ಬಾಣ ಅಲ್ಲೇ ನಿಲ್ಲುತ್ತದೆ. ಜೋಡಿಸುವ ಪಿನ್, ತೂತುಗಳಿರುವ ಪಟ್ಟಿಯಂಥ ಬೀಮ್, ಕಡ್ಡಿಯಂಥ ಆಕ್ಸಲ್ ಹಾಗೇ ಇರಲಿ, ಅವು ಎಲ್ಲರಿಗೂ ಗೊತ್ತು.

ತೊಡಕಿರುವುದು ಬಿಲ್ಲಿನ ಕಡೆ. ಮೊದಲನೆಯದು ಹೆದೆ.

ಹೆದೆ ಅಂದರೆ ಬಿಲ್ಲಿನ ಎರಡು ಕೊಪ್ಪುಗಳಿಗೆ, ಅಂದರೆ ತುದಿಯ ಕಚ್ಚುಗಳಿಗೆ, ಬಿಗಿದ ಹುರಿ. ಅದನ್ನು ಎಳೆದಾಗ ಬಾಗುವುದು ಬಿಲ್ಲು. ಶಕ್ತಿ ಕೂಡಿಕೊಳ್ಳುವುದೂ ಬಿಲ್ಲಿನಲ್ಲೇ. ಹೆದೆ ಅದನ್ನು ಬಾಣಕ್ಕೆ ದಾಟಿಸುತ್ತದೆ, ಅಷ್ಟೇ. ಆದರೆ ಇಟ್ಟಿಗೆಯ ಮಾದರಿಗಳಲ್ಲಿ ಜಾಸ್ತಿ ಕಾಣುವುದು ಇದರ ತಿರುವುಮುರುವು. ತೋಳುಗಳು ಸೆಟೆದು ನಿಂತಿರುತ್ತವೆ. ಅವನ್ನು ಬಾಗಿಸಲು ಹೋದರೆ ಜೋಡಣೆ ಕಳಚಿಕೊಳ್ಳುತ್ತದೆ, ಇಟ್ಟಿಗೆಗಳು ಒಂದನ್ನೊಂದು ಕಚ್ಚಿಕೊಂಡಿರುವುದು ಬರೀ ಬಿಗಿತದಿಂದ ತಾನೇ? ಹಿಗ್ಗಿ ಕುಗ್ಗುವ ಕೆಲಸವೆಲ್ಲ ರಬ್ಬರ್ ಬ್ಯಾಂಡಿನದು. ಹಾಗೆ ನೋಡಿದರೆ ಇದು ಒಳಗಿಂದೊಳಗೆ ಕ್ಯಾಟರ್‌ಬಿಲ್ಲು. ಅದಕ್ಕೂ ಬಿಲ್ಲು ಅಂತ ಹೆಸರು ಅಂಟಿದೆ, ಸರಿ. ಆದರೆ ಅದರ ರಬ್ಬರನ್ನು ಹೆದೆ ಅಂದದ್ದು ನಾನು ಕೇಳಿಲ್ಲ. ರಬ್ಬರ್ ಅಂತಲೇ ಅನ್ನುತ್ತೇವೆ.

ಎಲ್ಲ ಮಾದರಿಗಳೂ ಹೀಗಿಲ್ಲ ಅನ್ನುವುದರಿಂದ ಪ್ರಶ್ನೆ ಇನ್ನೂ ಬೆಳೆಯುತ್ತದೆ. ಕೆಲವರು ಬಾಗುವ ಉದ್ದ ಆಕ್ಸಲ್ ಹಾಕಿ, ಅದರ ತುದಿಗಳಿಗೆ ದಾರ ಕಟ್ಟುತ್ತಾರೆ. ಅಲ್ಲಿ ಆ ದಾರ ಹೆದೆಯೇ, ಚರ್ಚೆ ಬೇಡ. ಇನ್ನೊಂದು ಬಗೆಯಲ್ಲಿ ಗಟ್ಟಿ ತೋಳುಗಳು ಪಿನ್ನಿನ ಮೇಲೆ ತಿರುಗುತ್ತವೆ, ರಬ್ಬರ್ ಅವನ್ನು ಮುಂದಕ್ಕೆ ಸೆಳೆಯುತ್ತದೆ, ನಡುವೆ ಹಿಗ್ಗದ ದಾರ. ರೋಮನ್ನರ ಬ್ಯಾಲಿಸ್ಟಾ ಎಂಬ ದೊಡ್ಡ ಯುದ್ಧಯಂತ್ರದಲ್ಲೂ ತೋಳು ಬಾಗುತ್ತಿರಲಿಲ್ಲ, ಹುರಿಗೊಳಿಸಿದ ಪ್ರಾಣಿಗಳ ನರಗಳ ಕಟ್ಟು ಅದನ್ನು ತಿರುಗಿಸುತ್ತಿತ್ತು. ಆ ದಾರವನ್ನೂ ಹೆದೆ ಅನ್ನಲು ನನಗೆ ಅಡ್ಡಿಯಿಲ್ಲ.

ಬಾಣವನ್ನು ಯಾವುದು ತಳ್ಳುತ್ತದೋ ಅದೇ ಹೆದೆ ಅಂದುಬಿಟ್ಟರೆ ಸುಲಭ, ನಿಜ. ಆದರೂ ನನಗೆ ಅದು ಒಗ್ಗುತ್ತಿಲ್ಲ. ಹೆದೆಯೇರಿಸು ಅನ್ನುವ ಮಾತನ್ನೇ ನೋಡಿ. ಬಿಲ್ಲನ್ನು ಬಗ್ಗಿಸಿ ಹುರಿಯನ್ನು ಕೊಪ್ಪಿಗೆ ಸಿಕ್ಕಿಸುವುದು ಹೆದೆಯೇರಿಸುವುದು. ಆಮೇಲೆ ಅದನ್ನು ಹಿಂದಕ್ಕೆ ಸೆಳೆಯುವುದು ಬೇರೆ ಕೆಲಸ. ಎರಡನ್ನೂ ಈಗ ಒಂದೇ ಅನ್ನುವಂತೆ ಬಳಸುತ್ತಿದ್ದೇವೆ. ಅಡ್ಡಬಿಲ್ಲಿನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಹೆದೆಯನ್ನು ಒಮ್ಮೆ ಏರಿಸಿಟ್ಟರೆ ಮುಗಿಯಿತು, ಪ್ರತಿ ಬಾಣಕ್ಕೂ ಮಾಡಬೇಕಾದದ್ದು ಸೆಳೆದು ಸಿಕ್ಕಿಸುವುದು. ರಬ್ಬರಿಗೆ ಏರಿಸುವ ಮಾತೇ ಇಲ್ಲ.

ಎರಡನೆಯದು ಇನ್ನೂ ಕಷ್ಟ. ಬಂದೂಕಿನಲ್ಲಿ ಬೆರಳಿಂದ ಎಳೆಯುವ ಭಾಗವನ್ನು ಕುದುರೆ ಅನ್ನುತ್ತೇವೆ, ಅಲ್ವಾ? ಅಡ್ಡಬಿಲ್ಲಿನಲ್ಲಿ ಹೆಸರು ಬೇಕಾದ ಭಾಗ ಎರಡು. ಒಂದು ಸೆಳೆದ ಹೆದೆಯನ್ನು ಹಿಡಿದಿಡುತ್ತದೆ, ಇನ್ನೊಂದನ್ನು ಬೆರಳು ಎಳೆಯುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಹಿಡಿಯುವ ಭಾಗವನ್ನು ಜಿಂಕೆ ಕೊಂಬಿನಲ್ಲಿ ಉರುಟಾಗಿ ಕೆತ್ತುತ್ತಿದ್ದರು. ಅದು ತಿರುಗದಂತೆ ಕೆಳಗಿನ ಉದ್ದ ಸನ್ನೆ, ಅಂದರೆ ಸನ್ನೆಗೋಲು, ತಡೆಯುತ್ತಿತ್ತು. ಚೀನಾದ ಹಾನ್ ರಾಜವಂಶದ ಕಾಲದ ಕಂಚಿನ ಯಂತ್ರದಲ್ಲೂ ಹಿಡಿಯುವುದು ಬೇರೆ, ಎಳೆಯುವುದು ಬೇರೆ. ಇಟ್ಟಿಗೆಯ ಮಾದರಿಯಲ್ಲಿ ಆಕ್ಸಲ್ ಮೇಲೆ ತಿರುಗುವ ಒಂದು ತುಂಡು ರಬ್ಬರನ್ನು ಹಿಡಿಯುತ್ತದೆ, ಅದರ ಬಾಲಕ್ಕೆ ಒಂದು ಬೀಮ್ ಅಡ್ಡ ನಿಲ್ಲುತ್ತದೆ. ಎಲ್ಲವನ್ನೂ ಸುಮ್ನೆ ಟ್ರಿಗರ್ ಅಂದರೆ, ಟ್ರಿಗರ್ ಜಾರುತ್ತಿದೆ ಅಂದಾಗ ಮಗು ಯಾವುದನ್ನು ಸರಿಮಾಡಬೇಕು?

ಬೆರಳಿನದಕ್ಕೆ ಕುದುರೆ, ಹಿಡಿಯುವುದಕ್ಕೆ ಕೊಕ್ಕೆ ಅಂತ ಸದ್ಯಕ್ಕೆ ಬರೆದಿದ್ದೇನೆ. ಕೊಕ್ಕೆ ಅಂದರೆ ಒಂದೇ ಕಡೆ ನಿಂತಿರುವ ವಸ್ತು ಕಣ್ಣಿಗೆ ಬರುತ್ತದೆ, ಇದಾದರೋ ತಿರುಗಿ ಬಿಟ್ಟುಕೊಡಬೇಕು. ಚಿಲಕ ಅನ್ನೋಣವೆಂದರೆ ಅದು ಸರಿಯುವಂಥದ್ದು. ಇನ್ನು ವೀಣೆಯಲ್ಲಿ ತಂತಿಗಳನ್ನು ಹೊರುವುದೂ ಕುದುರೆಯೇ. ಆ ಲೆಕ್ಕದಲ್ಲಿ ಹೆದೆ ಹಿಡಿಯುವ ಭಾಗಕ್ಕೇ ಕುದುರೆ ಅಂತಿಟ್ಟು, ಬೆರಳಿನದನ್ನು ಸನ್ನೆ ಅನ್ನಬಹುದು. ಕೇಳಲು ಇದು ಚೆಂದವೇ. ಆದರೆ ಕುದುರೆ ಎಳೆ ಅಂದ ಕೂಡಲೇ ಓದುಗರ ಬೆರಳು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬಿಡುವ ಹಾಗಿಲ್ಲ.

ಕೋವಿಯ ಭಾಗಗಳ ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಗೊತ್ತಿರುವವರು ದಯವಿಟ್ಟು ತಿಳಿಸಿ: ಎಳೆದು ನಿಲ್ಲಿಸುವುದು, ತಡೆಹಿಡಿಯುವುದು, ಒತ್ತುವುದು, ಈ ಮೂರಕ್ಕೂ ಬೇರೆ ಬೇರೆ ಮಾತು ಬಳಕೆಯಲ್ಲಿದೆಯೇ? ರಬ್ಬರನ್ನೂ ಹೆದೆ ಅನ್ನಬಹುದು ಅನ್ನುವವರು ಕಾರಣ ಕೊಟ್ಟು ಬರೆಯಿರಿ.